ಮಳೆ ಬಂದರೆ ಮಂಚದಡಿ ಸೇರುವ ‘ಮೇರು’: ಪ್ರವಾಹದಲ್ಲಿ ಸಿಕ್ಕ ನಾಯಿಯನ್ನು ಮನೆಗೆ ತರುವ ಮುನ್ನ ಇದನ್ನು ಓದಿ

ಮಂಗಳಗಿರಿ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಾಟನ್ ಸೀರೆ. ಆಮೇಲೆ ಬೆಟ್ಟದ ಮೇಲೆ ಪಾನಕ ಕುಡಿಯುವ ನರಸಿಂಹಸ್ವಾಮಿ. ನನಗೆ ಮಾತ್ರ ಕಳೆದ ಒಂದು ವರ್ಷದಿಂದ ಅಲ್ಲಿನ ಒಂದು ಕಂದು ಬಣ್ಣದ ಹೆಣ್ಣು ನಾಯಿ ನೆನಪಾಗುತ್ತದೆ. ಹೆಸರು ಮೇರು.

ನಮ್ಮ ದೊಡ್ಡಮ್ಮನ ಮಗಳು ಅಲ್ಲಿನ ಏಮ್ಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್. 2024ರ ಸೆಪ್ಟೆಂಬರ್‌ನಲ್ಲಿ ವಿಜಯವಾಡ ಮುಳುಗಿದಾಗ, ನೀರಿನಿಂದ ಎತ್ತಿ ತಂದ ನಾಯಿಗಳಲ್ಲಿ ಒಂದನ್ನು ಸ್ವಯಂಸೇವಕರೊಬ್ಬರ ಕೈಯಿಂದ ಅಕ್ಕ ಮನೆಗೆ ತಂದಳು. ಊರು ಮುಳುಗಿಸಿದ ಹಳ್ಳದ ಹೆಸರು ಬುಡಮೇರು. ಅದರ ಕೊನೆಯ ಎರಡು ಅಕ್ಷರವೇ ನಾಯಿಯ ಹೆಸರಾಯಿತು. ‘ಎಲ್ಲೋ ಬೀದಿ ನಾಯಿ ಪಾಪ, ಕತ್ತಲ್ಲಿ ಬೆಲ್ಟ್ ಕೂಡ ಇಲ್ಲ’ ಎಂದು ಫೋನಿನಲ್ಲಿ ಹೇಳಿದ್ದಳು.

ಹತ್ತು ದಿನ ಕಳೆಯಿತು. ಅಕ್ಕ, ಭಾವ ಇಬ್ಬರೂ ‘ಬಾ’, ‘ಕೂತ್ಕೋ’ ಎಂದು ಎಷ್ಟು ಕರೆದರೂ ಅದು ಗೋಡೆ ನೋಡುತ್ತಿತ್ತು. ಕಿವಿ ಕೇಳಿಸುವುದಿಲ್ಲವೇನೋ ಎಂಬ ಅನುಮಾನವೂ ಬಂತು. ಒಂದು ಸಂಜೆ ಪಕ್ಕದ ಮನೆಯ ಆಂಟಿ ಒಳಗೆ ಬಂದವರು ಸುಮ್ಮನೆ ‘ಕೂರ್ಚೋ’ ಎಂದರು. ಮೇರು ತಟ್ಟನೆ ಕೂತಿತು. ‘ಇಟು ರಾ’ ಎಂದರು. ಎದ್ದು ಬಂತು!

ಮನೆಯಲ್ಲಿ ಎಲ್ಲರೂ ನಕ್ಕರು. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ತೆಲುಗಿನಲ್ಲಿ ಕೂರುವುದನ್ನು ಯಾರೋ ಅದಕ್ಕೆ ಕಲಿಸಿದ್ದಾರೆ. ಅಂದರೆ ಅದು ಯಾರದ್ದೋ ಮನೆಯ ನಾಯಿ. ಹಾಗಾದರೆ ಆ ಮನೆಯವರು ಎಲ್ಲಿ?

ಮುಳುಗಿಸಿದ್ದು ಕೃಷ್ಣೆಯಲ್ಲ, ಬುಡಮೇರು

ಆಲಮಟ್ಟಿ ದಾಟಿ ಹೊರಟ ಕೃಷ್ಣೆಯೇ ಕೊನೆಗೆ ವಿಜಯವಾಡ ಮುಟ್ಟುತ್ತಾಳೆ. ಹಾಗಾಗಿ ಅಲ್ಲಿ ಪ್ರವಾಹ ಅಂದ ಕೂಡಲೇ ನಾವು ಕೃಷ್ಣೆಯನ್ನೇ ನೆನೆಯುತ್ತೇವೆ. ಆ ಬಾರಿ ಕೃಷ್ಣೆಯೂ ಉಕ್ಕಿದ್ದಳು. 2024ರ ಸೆಪ್ಟೆಂಬರ್ 2ರಂದು ಪ್ರಕಾಶಂ ಬ್ಯಾರೇಜ್‌ನಿಂದ 11.43 ಲಕ್ಷ ಕ್ಯುಸೆಕ್ ನೀರು ಹರಿಯಿತು. ಉತ್ತರ ಕರ್ನಾಟಕವನ್ನೂ ಕಂಗೆಡಿಸಿದ್ದ 2009ರ ಪ್ರವಾಹದ ದಾಖಲೆಯೂ ಇದರ ಮುಂದೆ ಮುರಿದುಬಿತ್ತು.

ಆದರೆ ಅಜಿತ್ ಸಿಂಗ್ ನಗರ, ಪಾಯಕಾಪುರಂ, ರಾಜರಾಜೇಶ್ವರಿಪೇಟೆಯಂಥ ಬಡಾವಣೆಗಳನ್ನು ನುಂಗಿದ್ದು ಮೈಲವರಂ ಕಡೆಯ ಗುಡ್ಡಗಳಿಂದ ಇಳಿದು ಕೊಲ್ಲೇರು ಸರೋವರ ಸೇರುವ ಬುಡಮೇರು. ಅದರ ನೀರನ್ನು ಕೃಷ್ಣೆಗೆ ತಿರುಗಿಸಲು ಒಂದು ಕಾಲುವೆ ಇದೆ. ಕೃಷ್ಣೆಯೇ ತುಂಬಿ ನಿಂತಾಗ ಆ ಕಾಲುವೆ ನೀರು ಎಲ್ಲಿಗೆ ಹೋಗಬೇಕು? ದಂಡೆ ಮೂರು ಕಡೆ ಒಡೆಯಿತು. ಕೊನೆಗೆ ಸೇನೆ ಬಂದು ಮುಚ್ಚಬೇಕಾಯಿತು. ಸೆಪ್ಟೆಂಬರ್ 1ರಂದು ಮನೆಗಳಿಗೆ ನುಗ್ಗಿದ ನೀರು ಕೆಲವು ಕಡೆ ದಿನಗಟ್ಟಲೆ ಇಳಿಯಲಿಲ್ಲ. ಊಟದ ಪೊಟ್ಟಣಗಳನ್ನು ಡ್ರೋನ್‌ನಲ್ಲಿ ಕಳಿಸಿದ್ದು ನಿಮಗೂ ನೆನಪಿರಬಹುದು.

ಇಂಥ ಹೊತ್ತಿನಲ್ಲಿ ದೋಣಿಯಲ್ಲಿ ಮೊದಲ ಜಾಗ ಮನುಷ್ಯರಿಗೆ. ಅದು ತಪ್ಪೂ ಅಲ್ಲ. ನಾಯಿಗಳು ತಾರಸಿ, ಸಜ್ಜಾ, ಕಾಂಪೌಂಡ್ ಗೋಡೆಯ ಮೇಲೆ ಉಳಿಯುತ್ತವೆ. ನಾಯಿಗೆ ಈಜು ಬರುತ್ತದೆ, ನಿಜ. ಆದರೆ ಹರಿಯುವ ನೀರಿನಲ್ಲಿ, ಹೊಟ್ಟೆಗಿಲ್ಲದೆ, ಗಂಟೆಗಟ್ಟಲೆ ಈಜುವ ಶಕ್ತಿ ಯಾವ ನಾಯಿಗೂ ಇಲ್ಲ. ಸರಪಳಿಯಲ್ಲಿ ಕಟ್ಟಿದ್ದರೆ ಆ ಅವಕಾಶವೂ ಇಲ್ಲ. ಮನೆ ಬಿಡಲೇಬೇಕಾಗಿ ಬಂದು ನಾಯಿಯನ್ನು ಒಯ್ಯಲು ಸಾಧ್ಯವೇ ಇಲ್ಲದಿದ್ದರೆ, ಕನಿಷ್ಠ ಸರಪಳಿ ಬಿಚ್ಚಿ, ಮೇಲಿನ ಮಹಡಿಯ ಬಾಗಿಲು ತೆರೆದಿಟ್ಟು ಹೊರಡಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸಿಕ್ಕಿದ ನಾಯಿ ಯಾರದ್ದು?

ಪ್ರವಾಹದ ನಾಯಿಗೂ ಮಾಮೂಲಿ ಬೀದಿ ನಾಯಿಗೂ ಇರುವ ದೊಡ್ಡ ವ್ಯತ್ಯಾಸವೇ ಇದು. ಬೀದಿಯಿಂದ ಮರಿ ತಂದರೆ ಕೇಳುವವರಿಲ್ಲ. ಪ್ರವಾಹದಲ್ಲಿ ಸಿಕ್ಕ ನಾಯಿಗೆ ಮಾಲೀಕರು ಇರಬಹುದು. ಅವರು ಪರಿಹಾರ ಕೇಂದ್ರದಲ್ಲೋ, ಬೇರೆ ಊರಿನ ನೆಂಟರ ಮನೆಯಲ್ಲೋ ಇರಬಹುದು. ಫೋನ್ ನೀರುಪಾಲಾಗಿರಬಹುದು. ಹುಡುಕಿಕೊಂಡು ಬರಲು ಅವರಿಗೆ ತಿಂಗಳುಗಳೇ ಬೇಕಾಗಬಹುದು.

ಜಗತ್ತಿಗೆ ಈ ಪಾಠ ಕಲಿಸಿದ್ದು 2005ರ ಕತ್ರಿನಾ ಚಂಡಮಾರುತ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ರಕ್ಷಿಸಿದ ಸಾವಿರಾರು ನಾಯಿ, ಬೆಕ್ಕುಗಳನ್ನು ದೂರದ ರಾಜ್ಯಗಳಿಗೆ ಕಳಿಸಿ ದತ್ತು ಕೊಡಲಾಯಿತು. ತಿಂಗಳುಗಳ ನಂತರ ಮೂಲ ಮಾಲೀಕರು ಹುಡುಕಿಕೊಂಡು ಬಂದಾಗ ಹೊಸಬರು ಕೊಡಲು ಒಪ್ಪಲಿಲ್ಲ. ಕೆಲವು ಜಗಳಗಳು ಕೋರ್ಟ್ ಮೆಟ್ಟಿಲೇರಿದವು. ಸಾಕುಪ್ರಾಣಿಯನ್ನು ಬಿಟ್ಟು ಬರಲು ಒಪ್ಪದೆ ಮನೆಯಲ್ಲೇ ಉಳಿದವರೂ ಅನೇಕರಿದ್ದರು. ಹೀಗಾಗಿ 2006ರಲ್ಲಿ ಅಮೆರಿಕ ಕಾನೂನು ತಂದು, ಸ್ಥಳಾಂತರದ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದಿತು. ನಮ್ಮಲ್ಲಿ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಹಸು, ಎಮ್ಮೆ, ಕುರಿ, ಮೇಕೆ, ಉಳುವ ಎತ್ತು, ಕೋಳಿಯವರೆಗೂ ಹೆಸರಿದೆ. ನಾಯಿಯ ಹೆಸರಿಲ್ಲ. ದುಡಿದು ಕೊಡುವ ಪ್ರಾಣಿಗೆ ಮಾತ್ರ ಬೆಲೆ ಕಟ್ಟಿದ ಪಟ್ಟಿ ಅದು.

ಹತ್ತಿರದ ಉದಾಹರಣೆ ಬೇಕೆಂದರೆ ಕೇರಳದ ಕುವಿ. 2020ರ ಆಗಸ್ಟ್‌ನಲ್ಲಿ ಇಡುಕ್ಕಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ಚಹಾ ತೋಟದ ಕಾರ್ಮಿಕರ ಸಾಲುಮನೆಗಳು ಮಣ್ಣಾದವು. ತನ್ನ ಜೊತೆ ಆಡುತ್ತಿದ್ದ ಪುಟ್ಟ ಮಗುವಿನ ದೇಹ ಎಲ್ಲಿದೆ ಎಂದು ತೋರಿಸಿಕೊಟ್ಟಿದ್ದು ಆ ಮನೆಯ ನಾಯಿ ಕುವಿ. ಊಟ ಬಿಟ್ಟು ಕೂತಿದ್ದ ಅದನ್ನು ಪೊಲೀಸ್ ಶ್ವಾನದಳದವರು ಕರೆದೊಯ್ದು ಸಾಕಿದರು. ದುರಂತದಲ್ಲಿ ಬದುಕುಳಿದಿದ್ದ ಅಜ್ಜಿಗೆ ಕೆಲವು ತಿಂಗಳ ನಂತರ ಅದನ್ನು ಹಿಂತಿರುಗಿಸಲಾಯಿತು. ಸಾಕಿದವರಿಗೆ ಎಷ್ಟು ಕಷ್ಟವಾಗಿರಬೇಕು ಯೋಚಿಸಿ. ಆದರೂ ಆ ಅಜ್ಜಿಗೆ ಮನೆಯವರ ನೆನಪಾಗಿ ಉಳಿದಿದ್ದೇ ಆ ನಾಯಿ.

ಹಾಗಾದರೆ ನೀವು ಏನು ಮಾಡಬೇಕು? ಸಿಕ್ಕ ದಿನವೇ ನಾಯಿಯ ಫೋಟೊ ತೆಗೆಯಿರಿ. ಸ್ನಾನ ಮಾಡಿಸುವ ಮೊದಲು ಒಂದು, ನಂತರ ಒಂದು. ಸಿಕ್ಕ ಜಾಗ, ದಿನ ಬರೆದಿಡಿ. ಕಿವಿಯ ತುದಿಯಲ್ಲಿ ‘ವಿ’ ಆಕಾರದ ಸಣ್ಣ ಕತ್ತರಿ ಗುರುತು ಇದ್ದರೆ ಅದು ಸಂತಾನಶಕ್ತಿಹರಣ ಚಿಕಿತ್ಸೆಯಾದ ಬೀದಿ ನಾಯಿ ಎಂದರ್ಥ. ಇಲ್ಲದಿದ್ದರೆ ಕತ್ತಿನ ಸುತ್ತ ಕೂದಲು ಸವೆದಿದೆಯೇ ನೋಡಿ, ಬೆಲ್ಟ್ ಇದ್ದ ಸುಳಿವು ಸಿಗುತ್ತದೆ. ಪಶುವೈದ್ಯರ ಬಳಿ ಮೈಕ್ರೋಚಿಪ್ ಸ್ಕ್ಯಾನರ್ ಇದ್ದರೆ ಒಮ್ಮೆ ಆಡಿಸಲು ಹೇಳಿ. ಮತ್ತೆ, ಮೇರುವಿನ ಪಾಠ: ಆ ಊರಿನ ಭಾಷೆಯಲ್ಲಿ ಮಾತಾಡಿಸಿ ನೋಡಿ.

ಪ್ರಕಟಣೆ ಹಾಕುವಾಗ ಒಂದು ಗುರುತನ್ನು ಮಾತ್ರ ಮುಚ್ಚಿಡಿ. ಮೇರುವಿನ ಎಡ ಹಿಂಗಾಲಿನಲ್ಲಿ ಒಂದು ಉಗುರಿಲ್ಲ. ಅಕ್ಕ ಅದನ್ನು ಎಲ್ಲೂ ಬರೆಯಲಿಲ್ಲ, ಫೋಟೊದಲ್ಲೂ ಕಾಣದಂತೆ ನೋಡಿಕೊಂಡಳು. ಮೊದಲು ಬಂದ ಎರಡು ಫೋನ್‌ಗಳಲ್ಲಿ ಒಬ್ಬರು ತಮ್ಮದು ಗಂಡು ನಾಯಿ ಎಂದರು. ಇನ್ನೊಬ್ಬರು ಕಳಿಸಿದ ಹಳೆಯ ಫೋಟೊದಲ್ಲಿ ಬಾಲದ ತುದಿ ಬಿಳಿ ಇತ್ತು.

ಮೊದಲ ತಿಂಗಳು: ಆಸ್ಪತ್ರೆಯ ತಿಂಗಳು

ಚರಂಡಿ ನೀರಿನಲ್ಲಿ ದಿನಗಟ್ಟಲೆ ನಿಂತ ನಾಯಿಯ ಮೈಯಲ್ಲಿ ಏನಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್. ಮಲೆನಾಡು, ಕರಾವಳಿಯವರಿಗೆ ಇದು ಹೊಸದಲ್ಲ. ಇಲಿಯ ಮೂತ್ರ ಸೇರಿದ ನೀರಿನಿಂದ ನಾಯಿಗೆ, ನಾಯಿಯ ಮೂತ್ರದಿಂದ ನಮಗೂ ಹರಡಬಹುದು. ಜ್ವರ, ವಾಂತಿ, ಕಣ್ಣು ಮತ್ತು ವಸಡು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಕಂಡರೆ ಕಾಯಬೇಡಿ. ಮೂತ್ರ ಒರೆಸುವಾಗ ಕೈಗವಸು ಇರಲಿ. ಅಕ್ಕ ನರ್ಸ್ ಆದದ್ದರಿಂದ ಮೊದಲ ದಿನದಿಂದಲೇ ಕೈಗವಸು ಹಾಕಿದ್ದಳು. ಭಾವ ‘ನಾಯಿಗೂ ವಾರ್ಡ್ ಮಾಡಿಬಿಟ್ಟೆಯಲ್ಲ’ ಎಂದು ತಮಾಷೆ ಮಾಡುತ್ತಿದ್ದರಂತೆ.

ಇನ್ನೊಂದು ಉಣ್ಣೆ ಜ್ವರ. ಉಣ್ಣೆ ಕಚ್ಚಿ ಬರುವ ಈ ಕಾಯಿಲೆಯಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಬಹಳಷ್ಟು ತಿಳಿಯುತ್ತದೆ. ಮರಿಗಳಾದರೆ ಪಾರ್ವೊ ವೈರಸ್ ಭಯ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಕನಿಷ್ಠ ಎರಡು ವಾರ ಎರಡನ್ನೂ ಬೇರೆ ಬೇರೆ ಇಡಿ, ತಟ್ಟೆಯೂ ಬೇರೆ ಇರಲಿ.

ರೇಬಿಸ್ ಬಗ್ಗೆ ಸಲುಗೆ ಬೇಡವೇ ಬೇಡ. ವೈರಸ್ ಮೈಸೇರಿದ ಮೇಲೆ ಲಕ್ಷಣ ಕಾಣಲು ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ಹಾಗಾಗಿ ‘ನೋಡಲು ಚೆನ್ನಾಗಿದೆ’ ಎಂಬುದು ಪ್ರಮಾಣಪತ್ರವಲ್ಲ. ನಾಯಿಗೆ ಲಸಿಕೆ ಹಾಕಿಸಿ. ಹಿಡಿಯುವಾಗ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಹೆದರಿದ ನಾಯಿ ಕಚ್ಚುವುದು ಸಹಜ, ಅದರಲ್ಲಿ ದ್ವೇಷವಿಲ್ಲ. ಆದರೆ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ.

ಊಟದ ವಿಷಯದಲ್ಲಿ ನಮ್ಮ ಕರುಣೆಯೇ ಕೆಲವೊಮ್ಮೆ ಮುಳುವಾಗುತ್ತದೆ. ಉಪವಾಸವಿದ್ದ ನಾಯಿಗೆ ಒಮ್ಮೆಲೇ ಬೋಗುಣಿ ತುಂಬ ಬಿರಿಯಾನಿ ಹಾಕಬೇಡಿ. ಮೊದಲು ಶುದ್ಧ ನೀರು. ನಂತರ ಮೆತ್ತಗಿನ ಅನ್ನಕ್ಕೆ ಬೇಯಿಸಿದ ಕೋಳಿ ಅಥವಾ ಮೊಟ್ಟೆ ಕಲಸಿ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ನಾಲ್ಕೈದು ಬಾರಿ. ಈರುಳ್ಳಿ, ಚಾಕೊಲೇಟ್, ದ್ರಾಕ್ಷಿ ಯಾವತ್ತಿಗೂ ಬೇಡ.

ದೇಹ ಒಣಗುತ್ತದೆ, ಭಯ ಒಣಗುವುದಿಲ್ಲ

ಆರೋಗ್ಯ ಸುಧಾರಿಸಲು ಒಂದೆರಡು ತಿಂಗಳು ಸಾಕು. ಭಯದ ಲೆಕ್ಕವೇ ಬೇರೆ. ಇದಕ್ಕೆ ಜಪಾನಿನಿಂದ ಒಂದು ಗಟ್ಟಿ ಪುರಾವೆ ಇದೆ. 2011ರ ಭೂಕಂಪ, ಸುನಾಮಿ ಮತ್ತು ಅಣುಸ್ಥಾವರ ದುರಂತದ ನಂತರ ಫುಕುಶಿಮಾದಲ್ಲಿ ಉಳಿದುಹೋದ ನಾಯಿಗಳನ್ನು ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು ತಂದು ಸಾಕಿದರು. ದುರಂತಕ್ಕೆ ಮೊದಲು ಬೇರೆ ಪ್ರದೇಶದಲ್ಲಿ ಅನಾಥವಾಗಿ ಸಿಕ್ಕಿದ್ದ ನಾಯಿಗಳ ಜೊತೆ ಹೋಲಿಸಿದರು. ಒತ್ತಡದ ಹಾರ್ಮೋನ್ ಆದ ಕಾರ್ಟಿಸೋಲ್ ಫುಕುಶಿಮಾ ನಾಯಿಗಳಲ್ಲಿ 5ರಿಂದ 10 ಪಟ್ಟು ಹೆಚ್ಚಿತ್ತು. ಹತ್ತು ವಾರ ಚೆನ್ನಾಗಿ ನೋಡಿಕೊಂಡ ಮೇಲೂ ಅದು ಸಾಮಾನ್ಯ ಮಟ್ಟಕ್ಕೆ ಬರಲಿಲ್ಲ. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ಇನ್ನೊಂದು ಅಂಶ ನನಗೆ ಮುಖ್ಯ ಅನಿಸಿತು. ಆ ನಾಯಿಗಳು ಅಪರಿಚಿತರ ಮೇಲೆ ಎರಗುವುದು ಕಡಿಮೆಯಿತ್ತು. ಆದರೆ ಮನುಷ್ಯರನ್ನು ಹಚ್ಚಿಕೊಳ್ಳುವುದೂ, ಹೇಳಿಕೊಟ್ಟದ್ದನ್ನು ಕಲಿಯುವುದೂ ಕಡಿಮೆಯೇ ಇತ್ತು.

ಅಂದರೆ ಮೂಲೆಯಲ್ಲಿ ಸುಮ್ಮನೆ ಕೂತ ನಾಯಿಯನ್ನು ‘ಎಷ್ಟು ಸಾಧು’ ಎಂದುಕೊಳ್ಳಬೇಡಿ. ಅದು ಸಾಧುವಲ್ಲ, ಬಳಲಿದೆ. ‘777 ಚಾರ್ಲಿ’ ನೋಡಿ ನಾಯಿ ತಂದವರು ನನ್ನ ಗೆಳೆಯರಲ್ಲೂ ಇದ್ದಾರೆ. ಸಿನಿಮಾದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ನಾಯಿ ಹೊಂದಿಕೊಳ್ಳುತ್ತದೆ. ನಿಜ ಜೀವನದಲ್ಲಿ ಮೊದಲ ಮೂರು ದಿನ ಬೆರಗು, ಮೂರು ವಾರಕ್ಕೆ ಮನೆಯ ದಿನಚರಿಯ ಪರಿಚಯ, ಮೂರು ತಿಂಗಳಿಗೆ ನಂಬಿಕೆ ಎನ್ನುವುದು ನಾಯಿ ಸಾಕುವವರ ಅಂದಾಜು. ಪ್ರವಾಹದ ನಾಯಿಗೆ ಇದಕ್ಕಿಂತ ಹೆಚ್ಚೇ ಬೇಕು. ಮೇರು ತಾನಾಗಿ ಅಕ್ಕನ ಕೈ ನೆಕ್ಕಿದ್ದು ದೀಪಾವಳಿ ಕಳೆದ ಮೇಲೆ.

ಈ ದಿನಗಳಲ್ಲಿ ಮಾಡಬೇಕಾದದ್ದು ಬಹಳ ಕಡಿಮೆ. ಒಂದು ಮೂಲೆ ಅದಕ್ಕೇ ಮೀಸಲಿಡಿ. ಊಟ, ವಾಕಿಂಗ್ ಒಂದೇ ಹೊತ್ತಿಗೆ ಇರಲಿ. ಮಂಚದಡಿಯಿಂದ ಎಳೆದು ತೆಗೆಯಬೇಡಿ. ನೆಂಟರಿಗೆಲ್ಲ ತೋರಿಸುವ ಉತ್ಸಾಹ ತಡೆದುಕೊಳ್ಳಿ.

ಎರಡನೇ ಮಳೆಗಾಲ

ನಿಜವಾದ ಪರೀಕ್ಷೆ ಮುಂದಿನ ವರ್ಷದ ಮೊದಲ ಗುಡುಗಿಗೆ. ಮನುಷ್ಯನಿಗೆ ಸುಮಾರು 20 ಸಾವಿರ ಹರ್ಟ್ಜ್‌ವರೆಗಿನ ಶಬ್ದ ಕೇಳಿಸಿದರೆ, ನಾಯಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು. ನಿಮಗೆ ಮೋಡ ಕಾಣುವ ಮೊದಲೇ ಅದು ನಡುಗಲು ಶುರು ಮಾಡಬಹುದು. ಮೇರುವಿಗೆ ಮಳೆಯೊಂದೇ ಅಲ್ಲ, ತಾರಸಿಯ ಟ್ಯಾಂಕ್ ತುಂಬಿ ನೀರು ಸುರಿಯುವ ಸದ್ದು ಕೇಳಿದರೂ ಆಗುತ್ತಿರಲಿಲ್ಲ. ಬಾತ್‌ರೂಮಿನಲ್ಲಿ ಬಕೆಟ್ ತುಂಬುವಾಗ ಮನೆಯ ಅತಿ ಎತ್ತರದ ಜಾಗ, ಅಂದರೆ ಸೋಫಾದ ಬೆನ್ನಿನ ಮೇಲೆ ಹತ್ತಿ ನಿಲ್ಲುತ್ತಿತ್ತು.

‘ಹೆದರಿದಾಗ ಮುದ್ದು ಮಾಡಿದರೆ ಭಯ ಇನ್ನೂ ಜಾಸ್ತಿಯಾಗುತ್ತದೆ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದು ತಪ್ಪು ನಂಬಿಕೆ. ಭಯ ಎನ್ನುವುದು ಬಹುಮಾನ ಕೊಟ್ಟು ಬೆಳೆಸುವ ಚಟವಲ್ಲ. ಅದು ಹತ್ತಿರ ಬಂದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಡಗಿದರೆ ಅಡಗಲು ಬಿಡಿ. ಬೈಯುವುದು, ಹೊರಗೆ ಕಟ್ಟುವುದು ಮಾತ್ರ ಮಾಡಬೇಡಿ. ಹೆದರಿದ ನಾಯಿ ಬೆಲ್ಟ್ ಕಿತ್ತುಕೊಂಡು ಓಡಿಹೋಗುವುದು ಇಂಥ ಹೊತ್ತಿನಲ್ಲೇ.

ಬೇಸಿಗೆಯಲ್ಲೇ ಅಭ್ಯಾಸ ಶುರು ಮಾಡುವುದು ಒಳ್ಳೆಯದು. ಮೊಬೈಲ್‌ನಲ್ಲಿ ಮಳೆಯ ಸದ್ದನ್ನು ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಇಟ್ಟು, ಅದೇ ಹೊತ್ತಿಗೆ ಕೋಳಿ ತುಂಡು ಕೊಡಬೇಕು. ನಾಯಿ ಆರಾಮಾಗಿದ್ದರೆ ಕೆಲವು ದಿನ ಬಿಟ್ಟು ಸದ್ದು ಒಂದು ಗೆರೆ ಏರಿಸಿ. ಕಿವಿ ಹಿಂದಕ್ಕೆ ಹೋದರೆ, ನಾಲಗೆಯಿಂದ ಮೂಗು ನೆಕ್ಕಿಕೊಳ್ಳತೊಡಗಿದರೆ ಮತ್ತೆ ಇಳಿಸಿ. ಭಯ ವಿಪರೀತವಾಗಿದ್ದರೆ ಪಶುವೈದ್ಯರು ಮಾತ್ರೆ ಬರೆದು ಕೊಡುತ್ತಾರೆ. ಮನೆಯಲ್ಲಿರುವ ನಮ್ಮ ನಿದ್ದೆ ಮಾತ್ರೆ, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಇವು ನಾಯಿಯ ಯಕೃತ್ತು, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು, ಜೀವಕ್ಕೂ ಅಪಾಯ ತರಬಲ್ಲವು.

ಕಾನೂನು ಏನು ಹೇಳುತ್ತದೆ?

ಬೀದಿ ನಾಯಿಗಳ ಕುರಿತು 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶದ ಒಂದು ಭಾಗ ದತ್ತು ಪಡೆಯುವವರಿಗೆ ಸಂಬಂಧಿಸಿದ್ದು. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಿ ಬೀದಿ ನಾಯಿಯನ್ನು ದತ್ತು ಪಡೆಯಬಹುದು. ಆದರೆ ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದ್ದೇ. ಸಾಕಲು ಆಗಲಿಲ್ಲ ಎಂದು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಮೊದಲಿನಿಂದಲೂ ಅಪರಾಧ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಹೌದು, ನೀವು ಸರಿಯಾಗಿಯೇ ಓದಿದ್ದೀರಿ.

ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಯನ್ನು ಪೂರ್ತಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಬಾಡಿಗೆ ಮನೆಯ ಕತೆ ಬೇರೆ. ಮನೆ ಮಾಲೀಕರು ಒಪ್ಪದಿದ್ದರೆ ಮಾರ್ಗಸೂಚಿ ಹಿಡಿದು ಜಗಳವಾಡಲು ಎಷ್ಟು ಜನರಿಗೆ ಸಾಧ್ಯ? ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗಂತೂ ತಲೆ ಮೇಲೊಂದು ಸೂರು ಸಿಕ್ಕರೆ ಸಾಕಾಗಿರುತ್ತದೆ.

ಮೇರುವಿನ ವಿಷಯದಲ್ಲೂ ಆಗಿದ್ದು ಇದೇ.

ಮೂರನೇ ಫೋನ್

2025ರ ಜನವರಿ ಕೊನೆಯಲ್ಲಿ ಅಕ್ಕನಿಗೆ ಮೂರನೇ ಫೋನ್ ಬಂತು. ಸಿಂಗ್ ನಗರದಲ್ಲಿ ನೆಲಮಹಡಿಯಲ್ಲಿ ಬಾಡಿಗೆಗಿದ್ದ ಆಟೋ ಚಾಲಕರು. ಕೇಳುವ ಮೊದಲೇ ‘ಹಿಂಗಾಲಿನ ಒಂದು ಉಗುರು ಇಲ್ಲ ಅಲ್ಲವೇ ಮೇಡಂ, ನನ್ನ ಆಟೋ ಚಕ್ರಕ್ಕೇ ಸಿಕ್ಕಿದ್ದು’ ಎಂದರಂತೆ. ನೀರು ಎದೆಮಟ್ಟಕ್ಕೆ ಬಂದಾಗ ಬೆಲ್ಟ್ ಬಿಚ್ಚಿ, ನಾಯಿಯನ್ನು ಮೆಟ್ಟಿಲ ಮೇಲೆ ಬಿಟ್ಟು, ಹೆಂಡತಿ ಮಗಳ ಜೊತೆ ದೋಣಿ ಹತ್ತಿದ್ದರು. ನೀರಿಳಿದ ಮೇಲೆ ಹೋಗಿ ನೋಡಿದರೆ ನಾಯಿ ಇರಲಿಲ್ಲ. ಕತ್ತಲ್ಲಿ ಬೆಲ್ಟ್ ಯಾಕಿರಲಿಲ್ಲ ಎಂಬುದಕ್ಕೆ ಉತ್ತರ ಅಲ್ಲಿತ್ತು.

ಭಾನುವಾರ ಅವರು ಮಗಳ ಜೊತೆ ಮಂಗಳಗಿರಿಗೆ ಬಂದರು. ಅಕ್ಕ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಕೊಡುವುದಿಲ್ಲ ಎಂದುಬಿಡೋಣವೇ ಎಂದು ಒಮ್ಮೆ ಅನ್ನಿಸಿತ್ತು ಎಂದು ನನ್ನ ಬಳಿ ಒಪ್ಪಿಕೊಂಡಿದ್ದಾಳೆ. ಗೇಟಿನ ಬಳಿ ಆಟೋ ಸದ್ದು ಕೇಳಿದ್ದೇ ಮೇರು ನಿಂತಲ್ಲೇ ಮೂತ್ರ ಮಾಡಿಕೊಂಡು, ಕುಂಯ್‌ಗುಡುತ್ತಾ ಓಡಿತಂತೆ. ಆ ಮನೆಯಲ್ಲಿ ಅದರ ಹೆಸರು ಟಾಮಿ. ಹೆಣ್ಣು ನಾಯಿಗೆ ಟಾಮಿ ಯಾಕೆ ಎಂದರೆ, ತಂದಾಗ ಗೊತ್ತಾಗಿರಲಿಲ್ಲ ಎಂದು ಹುಡುಗಿ ನಕ್ಕಳು.

ಕರೆದುಕೊಂಡು ಹೋಗಲು ಅವರು ಹಗ್ಗವನ್ನೂ ತಂದಿದ್ದರು. ಆದರೆ ಕಾಫಿ ಕುಡಿಯುತ್ತಾ ನಿಧಾನವಾಗಿ ವಿಷಯ ಹೊರಬಂತು. ಈಗಿರುವುದು ಬೇರೊಬ್ಬರ ಮೊದಲ ಮಹಡಿಯ ಒಂದೇ ಕೋಣೆ. ಮಾಲೀಕರು ನಾಯಿ ಬೇಡ ಎಂದಿದ್ದಾರೆ. ಒಪ್ಪಿಸುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟು ಬಂದಿದ್ದರು. ಒಪ್ಪುತ್ತಾರೆಂಬ ನಂಬಿಕೆ ಅವರಿಗೇ ಇರಲಿಲ್ಲ. ಸಂಜೆಯವರೆಗೂ ಇದ್ದು, ಹಗ್ಗವನ್ನು ಇಲ್ಲೇ ಬಿಟ್ಟು ಹೋದರು. ಸ್ವಂತಕ್ಕೆ ಜಾಗ ಸಿಕ್ಕ ದಿನ ಬಂದು ಕೇಳುತ್ತೇವೆ, ಅಲ್ಲಿಯವರೆಗೆ ನಿಮ್ಮ ಬಳಿಯೇ ಇರಲಿ ಎಂದರು. ಕೇಳಿದರೆ ಕೊಡುತ್ತೇನೆ ಎಂದು ಅಕ್ಕ ಹೇಳಿದ್ದಾಳೆ. ಅಕ್ಕ ಕೇಳಿಸಿಕೊಂಡ ಆಟೋ ಸದ್ದೆಲ್ಲ ಅವರದ್ದೇ ಇರಬಹುದೇನೋ ಎಂದು ಎಷ್ಟೋ ದಿನ ಅನ್ನಿಸುತ್ತಿತ್ತಂತೆ.

ಕಳೆದ ಅಕ್ಟೋಬರ್ 28ರ ರಾತ್ರಿ ಮೊಂಥಾ ಚಂಡಮಾರುತ ಆಂಧ್ರ ಕರಾವಳಿಗೆ ಅಪ್ಪಳಿಸಿದಾಗ ನಾನು ಡೆಸ್ಕ್‌ನಲ್ಲಿ ಅದರದ್ದೇ ಅಪ್‌ಡೇಟ್ ಬರೆಯುತ್ತಿದ್ದೆ. ನಡುವೆ ಅಕ್ಕನಿಗೆ ಫೋನ್ ಮಾಡಿದೆ. ಬ್ಯುಸಿ ಬಂತು. ಅರ್ಧ ಗಂಟೆ ಬಿಟ್ಟು ಸಿಕ್ಕಳು. ಮೇರು ಮಂಚದಡಿ ಸೇರಿತ್ತು, ಭಾವ ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಕಿ ಮಲಗಿದ್ದರು. ‘ಇಷ್ಟು ಹೊತ್ತು ಯಾರ ಜೊತೆ ಮಾತಾಡ್ತಿದ್ದೆ?’ ಎಂದು ಕೇಳಿದೆ.

‘ಸಿಂಗ್ ನಗರದವರು ಕಣೇ. ಗಾಳಿ ಜೋರಾಯ್ತಲ್ಲ, ಹುಡುಗಿ ಮಲಗ್ತಾನೇ ಇಲ್ವಂತೆ. ಟಾಮಿಗೆ ಫೋನ್ ಕೊಡಿ ಅಂದಳು. ಸ್ಪೀಕರ್ ಹಾಕಿ ಮಂಚದ ಕೆಳಗೆ ಇಟ್ಟಿದ್ದೆ’ ಎಂದಳು.